ಪುಟ್ಟ ಮಕ್ಕಳ ಜ್ವರ: ಮನೆಯ ಆರೈಕೆ ಎಲ್ಲಿಯವರೆಗೆ, ಆಸ್ಪತ್ರೆ ಯಾವಾಗ

ಒಂದರಿಂದ ಮೂರು ವರ್ಷದೊಳಗಿನ ಮಕ್ಕಳಿಗೆ ವರ್ಷದಲ್ಲಿ ಹಲವು ಸಲ ಜ್ವರ ಬರುವುದು ಸಹಜ. ಅಂಗನವಾಡಿಗೋ ಪ್ಲೇಹೋಮಿಗೋ ಹೋಗಲು ಶುರುಮಾಡಿದ ಮೊದಲ ವರ್ಷವಂತೂ ಒಂದು ನೆಗಡಿ ಮುಗಿಯುವಷ್ಟರಲ್ಲಿ ಇನ್ನೊಂದು ಹಿಡಿದಿರುತ್ತದೆ. ಇವುಗಳಲ್ಲಿ ಹೆಚ್ಚಿನವು ವೈರಸ್‌ನಿಂದ ಬರುವಂಥವು. ಎರಡು ಮೂರು ದಿನ ಕಾಡಿ ತಾವಾಗಿಯೇ ಇಳಿದುಹೋಗುತ್ತವೆ. ಆದರೆ ನ್ಯುಮೋನಿಯಾ, ಮೂತ್ರದ ಸೋಂಕು, ಡೆಂಗಿ, ಮೆದುಳಿನ ಪೊರೆಯ ಉರಿಯೂತ (ಮೆನಿಂಜೈಟಿಸ್) ಇವೂ ಮೊದಲ ದಿನ ಬರೀ ಜ್ವರವಾಗಿಯೇ ಕಾಣಿಸಿಕೊಳ್ಳುತ್ತವೆ. ಎಲ್ಲ ಜ್ವರಕ್ಕೂ ನಡುರಾತ್ರಿ ಆಸ್ಪತ್ರೆಗೆ ಓಡಬೇಕಿಲ್ಲ, ಯಾವ ಜ್ವರವನ್ನೂ ಕಣ್ಣುಮುಚ್ಚಿ ಬಿಡುವಂತೆಯೂ ಇಲ್ಲ. ಮಗುವನ್ನು ಹೇಗೆ ಗಮನಿಸಬೇಕು ಎನ್ನುವುದು ಮನೆಯವರಿಗೆ ಗೊತ್ತಿದ್ದರೆ ಈ ಎರಡರ ನಡುವೆ ತೀರ್ಮಾನ ಮಾಡುವುದು ಸಾಧ್ಯ.

ಒಂದು ಮಾತು ಮೊದಲೇ ಹೇಳಬೇಕು. ಮೂರು ತಿಂಗಳೊಳಗಿನ ಹಸುಗೂಸಿಗೆ ಈ ಲೇಖನದ ಮನೆ ಆರೈಕೆಯ ಭಾಗ ಅನ್ವಯಿಸುವುದಿಲ್ಲ. ಆ ವಯಸ್ಸಿನಲ್ಲಿ ಮೈ ಬಿಸಿ 100.4 ಡಿಗ್ರಿ ಫ್ಯಾರನ್‌ಹೀಟ್ (38 ಡಿಗ್ರಿ ಸೆಲ್ಸಿಯಸ್) ಮುಟ್ಟಿದರೆ, ಮಗು ನಗುತ್ತಿದ್ದರೂ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ಮೈ ಅಸಹಜವಾಗಿ ತಣ್ಣಗಾಗಿದ್ದರೂ ಅಷ್ಟೇ.

ಮೈ ಬಿಸಿಯಾಗುವುದು ಯಾಕೆ

ನಮ್ಮ ಮೆದುಳಿನ ತಳದಲ್ಲಿ ಹೈಪೋಥಲಾಮಸ್ ಎಂಬ ಚಿಕ್ಕ ಭಾಗವಿದೆ. ದೇಹದ ಶಾಖ ಎಷ್ಟಿರಬೇಕೆಂದು ನಿರ್ಧರಿಸುವುದು ಅದೇ. ಸೋಂಕು ತಗುಲಿದಾಗ ರಕ್ಷಣಾ ಕಣಗಳು ಬಿಡುಗಡೆ ಮಾಡುವ ರಾಸಾಯನಿಕಗಳಿಂದಾಗಿ ಅಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ವಸ್ತು ಹೆಚ್ಚುತ್ತದೆ. ಆಗ ಹೈಪೋಥಲಾಮಸ್ ಶಾಖದ ಮಟ್ಟವನ್ನು ತಾನೇ ಮೇಲಕ್ಕೇರಿಸುತ್ತದೆ. ಹೊಸ ಮಟ್ಟ ತಲುಪುವವರೆಗೆ ದೇಹಕ್ಕೆ ಚಳಿಯೆನಿಸುತ್ತದೆ. ಮೈ ನಡುಗುತ್ತದೆ, ಚರ್ಮದ ರಕ್ತನಾಳಗಳು ಕಿರಿದಾಗುತ್ತವೆ. ಹೊಟ್ಟೆ, ಹಣೆ ಕಾದಿದ್ದರೂ ಅಂಗೈ ಅಂಗಾಲು ತಣ್ಣಗಿರುವುದು ಇದರಿಂದಲೇ. ಜ್ವರ ಇಳಿಯುವಾಗ ಇದಕ್ಕೆ ತಿರುಗುಮುರುಗಾಗಿ ಮುಖ ಕೆಂಪೇರಿ ಬೆವರು ಕಿತ್ತುಬರುತ್ತದೆ. ಪ್ಯಾರಾಸಿಟಮಾಲ್ ಈ ಪ್ರೊಸ್ಟಗ್ಲಾಂಡಿನ್ ತಯಾರಿಯನ್ನು ತಗ್ಗಿಸಿ ಮಟ್ಟವನ್ನು ಕೆಳಗಿಳಿಸುತ್ತದೆ. ಸೋಂಕಿನ ಮೇಲೆ ಅದರ ಪರಿಣಾಮ ಏನೂ ಇಲ್ಲ.

ಅಂದರೆ ಜ್ವರ ದೇಹವೇ ಅಂಕೆಯಲ್ಲಿಟ್ಟುಕೊಂಡು ನಡೆಸುವ ಕೆಲಸ. ಬಹಳಷ್ಟು ರೋಗಾಣುಗಳು ಹೆಚ್ಚಿನ ಶಾಖದಲ್ಲಿ ಸಲೀಸಾಗಿ ಬೆಳೆಯಲಾರವು. ‘ಜ್ವರ ನೆತ್ತಿಗೇರಿ ಮಗುವಿನ ಬುದ್ಧಿಗೆ ಪೆಟ್ಟಾಗುತ್ತದೆ’ ಎಂಬ ಭಯ ಬಹಳ ಮನೆಗಳಲ್ಲಿದೆ. ಶಾಖವೊಂದರಿಂದಲೇ ಮೆದುಳಿಗೆ ಹಾನಿಯಾಗಲು ಅದು ಸುಮಾರು 107 ಡಿಗ್ರಿ ಫ್ಯಾರನ್‌ಹೀಟ್ ದಾಟಬೇಕು. ಸೋಂಕಿನ ಜ್ವರ ಅಷ್ಟು ಎತ್ತರಕ್ಕೆ ಹೋಗುವುದು ತೀರಾ ಅಪರೂಪ, ಏಕೆಂದರೆ ಹೈಪೋಥಲಾಮಸ್‌ನ ಹಿಡಿತ ತಪ್ಪಿರುವುದಿಲ್ಲ. ಮೆದುಳಿಗೆ ಹಾನಿ ಮಾಡುವುದು ಮೆನಿಂಜೈಟಿಸ್‌ನಂಥ ಕಾಯಿಲೆ. ಅದು 101 ಡಿಗ್ರಿಯಲ್ಲೂ ಇರಬಹುದು.

ಬಿಸಿಲಿನ ಹೊಡೆತ ಮಾತ್ರ ಬೇರೆ ವಿಷಯ. ಏಪ್ರಿಲ್-ಮೇ ತಿಂಗಳ ರಾಯಚೂರು, ಕಲಬುರಗಿಯ ಬಿಸಿಲಲ್ಲಿ ಬಳಲಿದ ಮಗುವಿಗೋ, ಕಿಟಕಿ ಮುಚ್ಚಿದ ಕಾರಿನಲ್ಲಿ ಉಳಿದುಹೋದ ಮಗುವಿಗೋ ಮೈ ಕಾದರೆ ಅದು ಹೊರಗಿನಿಂದ ಬಂದ ಶಾಖ. ಅದಕ್ಕೆ ಪ್ಯಾರಾಸಿಟಮಾಲ್ ಕೆಲಸ ಮಾಡುವುದಿಲ್ಲ. ನೆರಳಿಗೆ ತಂದು, ಬಟ್ಟೆ ಕಳಚಿ, ಮೈಗೆಲ್ಲ ನೀರು ಹಾಕಿ ಗಾಳಿ ಬೀಸುತ್ತಲೇ ಆಸ್ಪತ್ರೆಗೆ ಹೋಗಬೇಕು.

ಅಳೆಯುವುದು

ಅಂಗೈ ಹಿಂಬದಿಯಿಂದ ಹಣೆ ಮುಟ್ಟಿ ನೋಡಿದರೆ ಜ್ವರ ಇದೆಯೆಂದು ಅಂದಾಜಾಗುತ್ತದೆ, ಎಷ್ಟಿದೆಯೆಂದು ತಿಳಿಯದು. ಡಿಜಿಟಲ್ ಥರ್ಮಾಮೀಟರ್ ಒಂದು ಮನೆಯಲ್ಲಿರಲಿ. ಹಳೆಯ ಪಾದರಸದ ಗಾಜಿನ ಕಡ್ಡಿ ಇದ್ದರೆ ಮಗುವಿನ ಬಳಿ ಬಳಸದಿರುವುದೇ ಮೇಲು. ಒಡೆದರೆ ಗಾಜಿನ ಚೂರು, ಪಾದರಸದ ಹಬೆ ಎರಡೂ ಅಪಾಯ.

ಈ ವಯಸ್ಸಿನ ಮಕ್ಕಳಿಗೆ ಬಾಯಲ್ಲಿಟ್ಟು ನೋಡುವುದು ಆಗದ ಮಾತು. ಕಂಕುಳೇ ಸರಿಯಾದ ಜಾಗ. ಬೆವರನ್ನು ಒರೆಸಿ, ಥರ್ಮಾಮೀಟರಿನ ತುದಿ ಕಂಕುಳಿನ ನಡುವೆ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಮೈಗೊತ್ತಿ ಹಿಡಿದು, ಬೀಪ್ ಬರುವವರೆಗೆ ಕಾಯಬೇಕು. ಆಗಷ್ಟೇ ಬಿಸಿನೀರಿನ ಸ್ನಾನವಾಗಿದ್ದರೆ, ಅತ್ತು ಅತ್ತು ಸುಸ್ತಾಗಿದ್ದರೆ, ಕಂಬಳಿಯೊಳಗಿಂದ ಎತ್ತಿಕೊಂಡಿದ್ದರೆ ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನೋಡಿ. ಕಂಕುಳಿನ ಅಂಕಿ ದೇಹದೊಳಗಿನ ಶಾಖಕ್ಕಿಂತ ಅರ್ಧದಿಂದ ಒಂದು ಡಿಗ್ರಿ ಫ್ಯಾರನ್‌ಹೀಟ್ ಕಡಿಮೆ ತೋರಿಸುತ್ತದೆ. ಅದಕ್ಕೆ ನೀವೇ ಒಂದು ಡಿಗ್ರಿ ಕೂಡಿಸಿ ಹೇಳಬೇಡಿ, ‘ಕಂಕುಳಲ್ಲಿ ಇಷ್ಟಿತ್ತು’ ಎಂದು ಡಾಕ್ಟರಿಗೆ ಹೇಳಿದರೆ ಸಾಕು. ಕಂಕುಳಲ್ಲಿ 99.5 ದಾಟಿದರೆ ಜ್ವರದ ಗುಮಾನಿ, 100.4 ಮುಟ್ಟಿದರೆ ಖಚಿತ.

98.6 ಎಂಬ ಅಂಕಿಯನ್ನು ಜಗತ್ತಿಗೆಲ್ಲ ಕೊಟ್ಟವನು ಜರ್ಮನಿಯ ಲೈಪ್‌ಜಿಗ್ ನಗರದ ವೈದ್ಯ ಕಾರ್ಲ್ ವುಂಡರ್‌ಲಿಶ್, 1868ರಲ್ಲಿ. ಅದು ಬರೀ ಸರಾಸರಿ. ಆರೋಗ್ಯವಂತ ಮಗುವಿನ ಮೈಯೂ ನಸುಕಿನಲ್ಲಿ ತಂಪಾಗಿದ್ದು ಸಂಜೆ ಹೊತ್ತಿಗೆ ಒಂದು ಡಿಗ್ರಿಯ ತನಕ ಏರಬಹುದು. ಆಡಿ ಬಂದ ಮಗುವಿಗೆ ಸಂಜೆ 99 ತೋರಿಸಿದರೆ ಔಷಧಿ ಬೇಡ.

ಅಂಕಿಗಿಂತ ಹೆಚ್ಚು ಹೇಳುವುದು ಮಗು

103 ಡಿಗ್ರಿ ಜ್ವರವಿದ್ದೂ ಔಷಧಿ ಕುಡಿದು ಮುಕ್ಕಾಲು ಗಂಟೆಗೆ ಎದ್ದು ಆಟಿಕೆ ಹುಡುಕುವ ಮಗುವಿದೆ. 101 ಇದ್ದು ಅಮ್ಮನ ಹೆಗಲ ಮೇಲಿಂದ ತಲೆಯೆತ್ತದ, ಹೆಸರು ಹಿಡಿದು ಕರೆದರೂ ತಿರುಗದ ಮಗುವಿದೆ. ಎರಡನೆಯ ಮಗುವಿನ ಬಗ್ಗೆ ಹೆಚ್ಚು ಆತಂಕ ಪಡಬೇಕು. ಮಕ್ಕಳ ವೈದ್ಯರು ಮಗು ಕೋಣೆಯೊಳಗೆ ಬರುತ್ತಿದ್ದಂತೆಯೇ ಮೊದಲು ನೋಡುವುದೂ ಇದನ್ನೇ: ಕಣ್ಣಲ್ಲಿ ಕಣ್ಣಿಡುತ್ತದೆಯೇ, ಹೊಸಬರನ್ನು ಕಂಡು ಅಳುತ್ತದೆಯೇ, ಅತ್ತರೆ ಕಣ್ಣೀರು ಬರುತ್ತದೆಯೇ, ಎತ್ತಿಕೊಂಡರೆ ಸಮಾಧಾನವಾಗುತ್ತದೆಯೇ.

ಜ್ವರ ಏರಿದ ಹೊತ್ತಿನಲ್ಲಿ ಎಲ್ಲ ಮಕ್ಕಳೂ ಮಂಕಾಗಿರುತ್ತವೆ. ಆದ್ದರಿಂದ ಮಗು ಹೇಗಿದೆಯೆಂದು ಅಳೆಯಬೇಕಾದ್ದು ಜ್ವರ ಒಂದೆರಡು ಡಿಗ್ರಿ ಇಳಿದ ಮೇಲೆ. ಆಗ ನೀರು ಕುಡಿದು, ಒಂದಿಷ್ಟು ಆಡಿ, ಮನೆಯವರನ್ನು ನೋಡಿ ನಕ್ಕರೆ ರಾತ್ರಿ ಮನೆಯಲ್ಲೇ ಕಾಯಬಹುದು. ಜ್ವರ ಇಳಿದರೂ ಮಗು ಏಳದಿದ್ದರೆ ಕಾಯಬಾರದು. ಔಷಧಿಯಿಂದ ಜ್ವರ ಪೂರ್ತಿ 98ಕ್ಕೆ ಬರಬೇಕೆಂದೇನಿಲ್ಲ. 103 ಇದ್ದದ್ದು 101ಕ್ಕೆ ಇಳಿದು ಮಗು ಹಾಯಾಗಿದ್ದರೆ ಔಷಧಿ ತನ್ನ ಕೆಲಸ ಮಾಡಿದೆ. ನಾಲ್ಕಾರು ಗಂಟೆಯ ಮೇಲೆ ಮತ್ತೆ ಏರುವುದು ಔಷಧಿಯ ಸೋಲಲ್ಲ, ಸೋಂಕು ಇನ್ನೂ ಇರುವುದರ ಲಕ್ಷಣ.

ಪ್ಯಾರಾಸಿಟಮಾಲ್: ವಯಸ್ಸಲ್ಲ, ತೂಕ

ಮನೆಯಲ್ಲಿ ಕೊಡಬಹುದಾದ ಜ್ವರದ ಔಷಧಿ ಎಂದರೆ ಪ್ಯಾರಾಸಿಟಮಾಲ್ ಒಂದೇ ಎಂದು ತಿಳಿದುಕೊಂಡರೆ ಅರ್ಧ ತೊಂದರೆ ತಪ್ಪಿತು. ಅದರ ಲೆಕ್ಕ ತೂಕದ ಮೇಲೆ ನಡೆಯುತ್ತದೆ: ಒಂದು ಕಿಲೋ ತೂಕಕ್ಕೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ ಹೆಚ್ಚೆಂದರೆ 150 ಮಿಲಿಗ್ರಾಂ. ಎರಡು ಡೋಸ್‌ಗಳ ನಡುವೆ ನಾಲ್ಕರಿಂದ ಆರು ಗಂಟೆ ಬಿಡುವಿರಬೇಕು. ನಾಲ್ಕಕ್ಕಿಂತ ಕಡಿಮೆ ಎಂದೂ ಬೇಡ. ದಿನಕ್ಕೆ, ಅಂದರೆ 24 ಗಂಟೆಯಲ್ಲಿ, ನಾಲ್ಕು ಡೋಸ್ ಮೀರಬಾರದು.

ಗೊಂದಲವಾಗುವುದು ಮಿಲಿಗ್ರಾಂ ಮತ್ತು ಮಿಲಿಲೀಟರ್‌ಗಳ ನಡುವೆ. ನಮ್ಮ ಔಷಧಿ ಅಂಗಡಿಗಳಲ್ಲಿ ಪ್ಯಾರಾಸಿಟಮಾಲ್ ಹಲವು ಗಾಢತೆಗಳಲ್ಲಿ ಸಿಗುತ್ತದೆ. ಕೆಲವು ಸಿರಪ್‌ಗಳಲ್ಲಿ 5 ಮಿಲಿಗೆ 120 ಅಥವಾ 125 ಮಿಲಿಗ್ರಾಂ, ಇನ್ನು ಕೆಲವದರಲ್ಲಿ 5 ಮಿಲಿಗೆ 250 ಮಿಲಿಗ್ರಾಂ ಇರುತ್ತದೆ. ಡ್ರಾಪ್ಸ್‌ನಲ್ಲಾದರೋ ಒಂದೇ ಮಿಲಿಗೆ 100 ಮಿಲಿಗ್ರಾಂ. ಅದೇ 150 ಮಿಲಿಗ್ರಾಂ ಬೇಕೆಂದರೆ ಮೊದಲನೆಯದರಲ್ಲಿ ಸುಮಾರು 6 ಮಿಲಿ, ಎರಡನೆಯದರಲ್ಲಿ 3 ಮಿಲಿ, ಡ್ರಾಪ್ಸ್‌ನಲ್ಲಿ ಒಂದೂವರೆ ಮಿಲಿ. ‘ಹೋದ ಸಲ ಆರು ಮಿಲಿ ಕೊಟ್ಟಿದ್ದೆವು’ ಎಂದು ನೆನಪಿಟ್ಟುಕೊಂಡು ಈ ಸಲ ಡ್ರಾಪ್ಸ್‌ನಿಂದ ಆರು ಮಿಲಿ ಕೊಟ್ಟರೆ 600 ಮಿಲಿಗ್ರಾಂ ಒಳಗೆ ಹೋಗುತ್ತದೆ, ಬೇಕಾದ್ದಕ್ಕಿಂತ ನಾಲ್ಕು ಪಟ್ಟು. ಪ್ಯಾರಾಸಿಟಮಾಲ್ ಮಿತಿ ಮೀರಿದರೆ ಪೆಟ್ಟು ಬೀಳುವುದು ಯಕೃತ್ತಿಗೆ, ಅದೂ ಮೊದಲ ದಿನ ಹೊರಗೆ ಏನೂ ತೋರಿಸದೆ. ಹಾಗೇನಾದರೂ ಹೆಚ್ಚು ಕೊಟ್ಟದ್ದು ಗೊತ್ತಾದರೆ ಮಗು ಚೆನ್ನಾಗಿ ಕಂಡರೂ ಬಾಟಲಿ ಸಮೇತ ಆಸ್ಪತ್ರೆಗೆ ಹೋಗಿ. ಅದಕ್ಕೆ ಪ್ರತಿವಿಷವಿದೆ, ಬೇಗ ಕೊಟ್ಟಷ್ಟೂ ಒಳ್ಳೆಯದು.

ಆದ್ದರಿಂದ ಬಾಟಲಿಯ ಮೇಲಿನ ಅಂಕಿಯನ್ನು ಪ್ರತಿ ಸಲ ಓದಿ. ಅಡುಗೆಮನೆಯ ಚಮಚ ಬೇಡ, ಒಂದೊಂದು ಮನೆಯ ಚಮಚ ಒಂದೊಂದು ಅಳತೆ. ಬಾಟಲಿಯ ಜೊತೆ ಬರುವ ಅಳತೆ ಮುಚ್ಚಳ, ಅದಕ್ಕಿಂತ ಸೂಜಿಯಿಲ್ಲದ ಸಿರಿಂಜ್ ಉತ್ತಮ. ಔಷಧಿಯನ್ನು ಚೆನ್ನಾಗಿ ಅಲುಗಾಡಿಸಿ, ಮಗುವನ್ನು ಕೂರಿಸಿಕೊಂಡು, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪವೇ ಬಿಡಿ. ಮಲಗಿಸಿ, ಮೂಗು ಹಿಡಿದು, ಗಂಟಲಿಗೆ ಸುರಿದರೆ ಶ್ವಾಸನಾಳಕ್ಕೆ ಹೋಗುವ ಅಪಾಯವಿದೆ. ಕುಡಿದ ಹದಿನೈದು ಇಪ್ಪತ್ತು ನಿಮಿಷದೊಳಗೆ ಪೂರ್ತಿ ವಾಂತಿಯಾದರೆ ಇನ್ನೊಮ್ಮೆ ಕೊಡಬಹುದು. ಅದಕ್ಕಿಂತ ತಡವಾಗಿ ಆದರೆ ಮುಂದಿನ ಹೊತ್ತಿಗೆ ಕಾಯಿರಿ.

ಮಗುವಿನ ತೂಕ ಗೊತ್ತಿಲ್ಲವೆಂದರೆ ತಾಯಿ ಕಾರ್ಡ್ ತೆಗೆದು ನೋಡಿ, ಅಂಗನವಾಡಿಯಲ್ಲಿ ಪ್ರತಿ ತಿಂಗಳು ತೂಗಿ ಬರೆಯುತ್ತಾರೆ. ಒಂದೇ ವಯಸ್ಸಿನ ಎರಡು ಮಕ್ಕಳ ನಡುವೆ ಮೂರು ನಾಲ್ಕು ಕಿಲೋ ವ್ಯತ್ಯಾಸ ಇರುವುದುಂಟು. ಅಕ್ಕನ ಮಗುವಿಗೆ ಬರೆದುಕೊಟ್ಟ ಡೋಸ್ ತಂಗಿಯ ಮಗುವಿಗೆ ಹೊಂದಲಾರದು.

ಕೊಟ್ಟ ಹೊತ್ತನ್ನು ಕ್ಯಾಲೆಂಡರಿನ ಮೇಲೋ ಫ್ರಿಜ್ ಮೇಲಿನ ಚೀಟಿಯಲ್ಲೋ ಬರೆದಿಡಿ. ಕೂಡು ಕುಟುಂಬದಲ್ಲಿ ಇದು ಬಹಳ ಮುಖ್ಯ. ಅಮ್ಮ ಕೆಲಸಕ್ಕೆ ಹೋಗುವ ಮುಂಚೆ ಒಂದು ಡೋಸ್ ಕೊಟ್ಟಿರುತ್ತಾಳೆ, ಗೊತ್ತಿಲ್ಲದೆ ಅಜ್ಜಿ ಒಂದು ಗಂಟೆಯೊಳಗೆ ಇನ್ನೊಂದು ಕೊಡುತ್ತಾರೆ. ರಾತ್ರಿ ಮಗು ನೆಮ್ಮದಿಯಾಗಿ ನಿದ್ದೆ ಮಾಡುತ್ತಿದ್ದರೆ ಔಷಧಿ ಕೊಡಲೆಂದೇ ಎಬ್ಬಿಸಬೇಕಿಲ್ಲ. ಉಸಿರಾಟ ಸರಾಗವಾಗಿದೆಯೇ ಎಂದು ನೋಡಿದರೆ ಸಾಕು.

ಕೇಳದೆ ಕೊಡಬಾರದ ಔಷಧಿಗಳು

ಐಬುಪ್ರೊಫೆನ್ ಒಳ್ಳೆಯ ಔಷಧಿಯೇ, ಆದರೆ ಡಾಕ್ಟರು ಹೇಳಿದಾಗ ಮಾತ್ರ. ವಾಂತಿಭೇದಿಯಿಂದ ಬಳಲಿದ ಮಗುವಿನ ಮೂತ್ರಪಿಂಡಕ್ಕೆ ಅದು ಹೊರೆ, ಡೆಂಗಿ ಇದ್ದರೆ ರಕ್ತಸ್ರಾವಕ್ಕೆ ದಾರಿ. ಪ್ಯಾರಾಸಿಟಮಾಲ್ ಮತ್ತು ಐಬುಪ್ರೊಫೆನ್ ಬೆರೆಸಿದ ಸಿರಪ್‌ಗಳೂ ಮಾರುಕಟ್ಟೆಯಲ್ಲಿವೆ. ಹೆಸರು ಹತ್ತಿರ ಹತ್ತಿರ ಇರುವುದರಿಂದ ಅಂಗಡಿಯಲ್ಲಿ ಕೇಳಿ ತರುವವರು ಲೇಬಲ್ ನೋಡಲೇಬೇಕು. ಮೆಫೆನಮಿಕ್ ಆಸಿಡ್ ಸಿರಪ್ಪನ್ನು ‘ಜ್ವರ ಬೇಗ ಇಳಿಸುತ್ತದೆ’ ಎಂದು ಅನೇಕರು ಮನೆಯಲ್ಲಿ ಇಟ್ಟುಕೊಂಡಿರುತ್ತಾರೆ. ಅದೂ ಐಬುಪ್ರೊಫೆನ್ ಗುಂಪಿನದೇ. ಅದರಿಂದ ಆಗಬಹುದಾದ ಗಂಭೀರ ಅಲರ್ಜಿಯ ಬಗ್ಗೆ ಭಾರತೀಯ ಫಾರ್ಮಾಕೋಪಿಯಾ ಆಯೋಗ 2023ರಲ್ಲಿ ಎಚ್ಚರಿಕೆ ಹೊರಡಿಸಿತ್ತು. ನಿಮೆಸುಲೈಡ್ ಅನ್ನು 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ. ಆಸ್ಪಿರಿನ್ ಅಂತೂ ಬೇಡವೇ ಬೇಡ. ಫ್ಲೂ, ಸೀತಾಳೆ ಸಿಡುಬು ಬಂದ ಮಕ್ಕಳಲ್ಲಿ ಅದು ಯಕೃತ್ತು, ಮೆದುಳು ಎರಡನ್ನೂ ಹಾಳುಮಾಡುವ ರೇಸ್ ಸಿಂಡ್ರೋಮ್‌ಗೆ ಕಾರಣವಾಗಬಲ್ಲದು.

ಕೆಮ್ಮಿನ ಸಿರಪ್ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ನೆಗಡಿ, ಜ್ವರಕ್ಕೆಂದು ಔಷಧಿ ಕುಡಿದ ಮಕ್ಕಳು ಅವು. ಅದರ ಬೆನ್ನಲ್ಲೇ ಕೇಂದ್ರ ಆರೋಗ್ಯ ಇಲಾಖೆ, ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧಿ ಬರೆಯಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ ಎಂದು ಸೂಚಿಸಿತು. ವಿಷ ಬೆರೆಯದಿದ್ದರೂ ಈ ವಯಸ್ಸಿನಲ್ಲಿ ಆ ಸಿರಪ್‌ಗಳಿಂದ ಲಾಭವಿಲ್ಲ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್ ಸಾಕು.

ಆಂಟಿಬಯೋಟಿಕ್ ವೈರಸ್ ಜ್ವರಕ್ಕೆ ಉಪಯೋಗವಿಲ್ಲ. ಹೋದ ಸಲ ಉಳಿದ ಅರ್ಧ ಬಾಟಲಿಯನ್ನು ಫ್ರಿಜ್‌ನಿಂದ ತೆಗೆದು ಕೊಡುವುದು ರೂಢಿಯಾಗಿಬಿಟ್ಟಿದೆ. ಇದರಿಂದ ನಿಜವಾದ ಬ್ಯಾಕ್ಟೀರಿಯಾ ಸೋಂಕು ಅರ್ಧ ಮುಚ್ಚಿಹೋಗಿ ಪರೀಕ್ಷೆಯಲ್ಲಿ ಸಿಗದಂತಾಗುತ್ತದೆ. ಹಾಗೆಯೇ ‘ಒಂದು ಇಂಜೆಕ್ಷನ್ ಹಾಕಿಬಿಡಿ ಡಾಕ್ಟ್ರೇ’ ಎಂದು ಒತ್ತಾಯಿಸುವುದು. ಬಾಯಿಂದ ಔಷಧಿ ಕುಡಿಯುವ ಮಗುವಿಗೆ ಜ್ವರದ ಇಂಜೆಕ್ಷನ್ ಬೇಕಾಗಿಲ್ಲ. ‘ಇಂಜೆಕ್ಷನ್ ಬೇಡ, ಎರಡು ದಿನ ನೋಡೋಣ’ ಎನ್ನುವ ಡಾಕ್ಟರನ್ನು ಬಿಟ್ಟು ಬೇರೆಯವರ ಬಳಿ ಹೋಗಬೇಡಿ.

ನೀರು, ಗಂಜಿ, ತೆಳು ಬಟ್ಟೆ

ಜ್ವರದಲ್ಲಿ ದೇಹದ ನೀರು ಹೆಚ್ಚು ಆರುತ್ತದೆ. ಊಟ ಎರಡು ದಿನ ಕಡಿಮೆಯಾದರೆ ಏನೂ ಆಗದು, ನೀರಿನಂಶ ಕಡಿಮೆಯಾದರೆ ಆಗುತ್ತದೆ. ಎದೆಹಾಲು ಕುಡಿಯುವ ಮಗುವಿಗೆ ಅದನ್ನೇ ಪದೇ ಪದೇ ಕೊಡಿ, ಜ್ವರವಿದೆಯೆಂದು ನಿಲ್ಲಿಸಬೇಡಿ. ಕಾಯಿಸಿ ಆರಿಸಿದ ನೀರು, ಅಕ್ಕಿ ಗಂಜಿ, ತೆಳ್ಳನೆಯ ರಾಗಿ ಅಂಬಲಿ, ಬೇಳೆಯ ತಿಳಿ, ಎಳನೀರು, ನೀರು ಮಜ್ಜಿಗೆ ಎಲ್ಲವೂ ಸರಿ. ಮಜ್ಜಿಗೆ, ಬಾಳೆಹಣ್ಣು ‘ಶೀತ’ವೆಂದು ನಿಲ್ಲಿಸುವ ಮನೆಗಳಿವೆ. ಮಗು ಬೇರೇನೂ ಮುಟ್ಟದೆ ಅದನ್ನೇ ಕೇಳಿದರೆ ಕೊಡುವುದರಲ್ಲಿ ತಪ್ಪಿಲ್ಲ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನುತುಪ್ಪ ನೆಕ್ಕಿಸಬೇಡಿ. ಒಂದೇ ಸಲಕ್ಕೆ ಲೋಟ ತುಂಬ ಕುಡಿಸಲು ಹೋದರೆ ವಾಂತಿ ಖಂಡಿತ. ಐದು ನಿಮಿಷಕ್ಕೊಮ್ಮೆ ಎರಡು ಚಮಚ ಕೊಟ್ಟರೆ ಒಂದು ಗಂಟೆಯಲ್ಲಿ ಸಾಕಷ್ಟು ಒಳಗೆ ಹೋಗಿರುತ್ತದೆ.

ಭೇದಿಯೂ ಇದ್ದರೆ ಓಆರ್‌ಎಸ್ ಬೇಕು. ಆಶಾ ಕಾರ್ಯಕರ್ತೆಯರು ಕೊಡುವ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ನೀರಿಗೆ ಕರಗಿಸಬೇಕು. ಒಂದು ಲೋಟಕ್ಕೆ ಸ್ವಲ್ಪ ಪುಡಿ ಎಂದು ಅಂದಾಜಿನಲ್ಲಿ ಬೆರೆಸಬಾರದು, ಉಪ್ಪು ಹೆಚ್ಚಾದರೆ ಅಪಾಯ. ಅಂಗಡಿಯಲ್ಲಿ ಸಿಗುವ ಸಿಹಿಯಾದ ಡಬ್ಬಿ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಲ್ಲ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಭೇದಿಯನ್ನು ಹೆಚ್ಚಿಸುತ್ತವೆ.

ಕುಡಿದದ್ದು ಸಾಲುತ್ತಿದೆಯೇ ಎಂದು ತಿಳಿಯಲು ಮೂತ್ರ ನೋಡಿ. ಎಚ್ಚರವಿರುವ ಮಗು ಐದಾರು ಗಂಟೆಗೊಮ್ಮೆಯಾದರೂ ಮಾಡಬೇಕು. ಡಯಾಪರ್ ಹಾಕಿದ ಮಕ್ಕಳಲ್ಲಿ ಇದು ಸುಲಭವಾಗಿ ಕಣ್ತಪ್ಪುತ್ತದೆ, ಜ್ವರದ ದಿನಗಳಲ್ಲಿ ಹಗಲು ಹೊತ್ತಾದರೂ ಬಟ್ಟೆಯ ಚಡ್ಡಿ ಹಾಕುವುದು ಒಳ್ಳೆಯದು.

ಜ್ವರವೆಂದಾಕ್ಷಣ ಕುಲಾವಿ, ಸ್ವೆಟರ್, ಕಾಲುಚೀಲ, ಮೇಲೊಂದು ಕಂಬಳಿ ಹೊದಿಸಿ, ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸುವುದು ನಮ್ಮಲ್ಲಿ ವಾಡಿಕೆ. ಒಳಗಿನ ಶಾಖ ಹೊರಹೋಗಲು ದಾರಿಯಿಲ್ಲದೆ ಜ್ವರ ಇನ್ನಷ್ಟು ಏರುತ್ತದೆ. ಚಳಿಯಿಂದ ನಡುಗುತ್ತಿರುವಷ್ಟು ಹೊತ್ತು ಒಂದು ತೆಳು ಹೊದಿಕೆ ಇರಲಿ, ನಡುಕ ನಿಂತ ಮೇಲೆ ತೆಗೆದು ಹತ್ತಿಯ ಬಟ್ಟೆಯಷ್ಟೇ ಬಿಡಿ. ಹಣೆಗೆ ಒದ್ದೆ ಬಟ್ಟೆ ಹಾಕುವುದರಿಂದ ಮಗುವಿಗೆ ಹಿತವೆನಿಸಿದರೆ ಹಾಕಬಹುದು, ಆದರೆ ಅದರಿಂದ ಜ್ವರ ಇಳಿಯುವುದು ಅಲ್ಪ, ಅದೂ ತುಸು ಹೊತ್ತು. ಐಸ್, ತಣ್ಣೀರು, ಸ್ಪಿರಿಟ್, ಕಲೋನ್ ಯಾವುದೂ ಬೇಡ. ತಣ್ಣೀರಿಗೆ ಚರ್ಮದ ರಕ್ತನಾಳಗಳು ಬಿಗಿದು, ನಡುಕ ಹುಟ್ಟಿ, ಒಳಗಿನ ಶಾಖ ಹೆಚ್ಚುತ್ತದೆ. ಸ್ಪಿರಿಟ್ ಚರ್ಮದ ಮೂಲಕ, ಉಸಿರಿನ ಮೂಲಕ ರಕ್ತಕ್ಕೆ ಸೇರುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಮೈ ಒರೆಸುವುದಕ್ಕೆ, ಬೇಗ ಸ್ನಾನ ಮುಗಿಸುವುದಕ್ಕೆ ಅಡ್ಡಿಯಿಲ್ಲ.

ಹಿರಿಯರ ಮದ್ದು

ದೃಷ್ಟಿ ತೆಗೆಯುವುದರಿಂದ ಮನೆಯವರಿಗೆ ಧೈರ್ಯ ಬರುವುದಾದರೆ ತೆಗೆಯಲಿ. ಮೆಣಸಿನಕಾಯಿ ಸುಡುವ ಘಾಟು ಮಾತ್ರ ಮಗುವಿನ ಕೋಣೆಗೆ ಬರಬಾರದು. ದೊಡ್ಡಪತ್ರೆ ಎಲೆ ಬಾಡಿಸಿ ಹಿಂಡಿದ ರಸದ ನಾಲ್ಕು ಹನಿಯ ಬಗ್ಗೆ ಜಗಳ ಬೇಕಿಲ್ಲ. ಆದರೆ ಅಮೃತಬಳ್ಳಿ ಕಷಾಯವನ್ನು ದಿನಾ ಕುಡಿಸುವುದು ಬೇಡ, ಅದರಿಂದ ಯಕೃತ್ತಿಗೆ ತೊಂದರೆಯಾದ ಪ್ರಕರಣಗಳು ದಾಖಲಾಗಿವೆ. ಸೂಚಿಸಿದವರು ಎಷ್ಟೇ ಪ್ರೀತಿಯವರಾದರೂ, ಪುಟ್ಟ ಮಗುವಿಗೆ ಬೇರು ತೇದು ಕುಡಿಸುವ ಮುಂಚೆ ಡಾಕ್ಟರನ್ನು ಕೇಳಿ.

ಒಂದರಲ್ಲಿ ಮಾತ್ರ ಎಳ್ಳಷ್ಟೂ ರಾಜಿ ಸಾಧ್ಯವಿಲ್ಲ. ಉತ್ತರ ಕರ್ನಾಟಕದ ಕೆಲವೆಡೆ ಜ್ವರ, ಹೊಟ್ಟೆಯುಬ್ಬರ, ಫಿಟ್ಸ್ ಬಂದ ಕೂಸುಗಳಿಗೆ ಕಾದ ಕಬ್ಬಿಣದಿಂದಲೋ ಊದುಬತ್ತಿಯಿಂದಲೋ ಬರೆ ಹಾಕುವುದು ಇಂದಿಗೂ ಇದೆ. ಸುಟ್ಟ ಗಾಯದಿಂದ ರಕ್ತಕ್ಕೆ ನಂಜೇರಿ ಮಗು ಸಾಯಬಹುದು. ಹಾಗೆ ಮಾಡಲು ಹೊರಟವರನ್ನು ತಡೆಯಬೇಕು, ಅವರು ಮನೆಯ ಹಿರಿಯರೇ ಆಗಿರಲಿ.

ಹಲ್ಲು ಬರುವಾಗ ಜ್ವರ ಬರುತ್ತದೆ ಎಂಬ ನಂಬಿಕೆಯಿಂದಲೂ ನಷ್ಟವಾಗುತ್ತದೆ. ಹಲ್ಲು ಮೂಡುವಾಗ ಜೊಲ್ಲು, ಕಿರಿಕಿರಿ, ತುಸು ಮೈಬೆಚ್ಚಗೆ ಇರಬಹುದು. 101, 102 ಬಂದಿದ್ದರೆ ಅದಕ್ಕೆ ಬೇರೆ ಕಾರಣವಿದೆ. ಆರು ತಿಂಗಳಿಂದ ಮೂರು ವರ್ಷದವರೆಗೂ ಒಂದಲ್ಲ ಒಂದು ಹಲ್ಲು ಬರುತ್ತಲೇ ಇರುವುದರಿಂದ ಯಾವ ಜ್ವರವನ್ನು ಬೇಕಾದರೂ ಅದರ ತಲೆಗೆ ಕಟ್ಟಬಹುದು. ಕಿವಿಯ ಸೋಂಕು, ಮೂತ್ರದ ಸೋಂಕು ಹೀಗೆಯೇ ದಿನಗಟ್ಟಲೆ ಮುಚ್ಚಿಹೋಗುತ್ತವೆ. ನೆಗಡಿಯಿಲ್ಲ, ಕೆಮ್ಮಿಲ್ಲ, ಭೇದಿಯಿಲ್ಲ, ಬರೀ ಜ್ವರ ಎಂದಾಗ, ಅದರಲ್ಲೂ ಹೆಣ್ಣುಮಗುವಿಗೆ, ಮೂತ್ರ ಪರೀಕ್ಷೆ ಮಾಡಿಸಲೇಬೇಕು.

ಲಸಿಕೆಯ ಜ್ವರ ಇದಕ್ಕಿಂತ ಸರಳ. ಒಂದೂವರೆ ವರ್ಷದ ಆಸುಪಾಸಿನಲ್ಲಿ ಹಾಕುವ ಡಿಪಿಟಿ ಬೂಸ್ಟರ್‌ಗೆ ಅದೇ ಸಂಜೆ ಜ್ವರ ಬಂದು ಒಂದೆರಡು ದಿನದಲ್ಲಿ ಹೋಗುತ್ತದೆ. ದಡಾರ-ರುಬೆಲ್ಲಾ ಲಸಿಕೆಗೆ ವಾರ ಕಳೆದ ಮೇಲೆ ಸಣ್ಣ ಜ್ವರ, ಗುಲ್ಲೆ ಬರಬಹುದು. ಎರಡು ದಿನ ಮೀರಿದರೆ ಲಸಿಕೆಯದೇ ಎಂದು ಕೂರಬೇಡಿ.

ಫಿಟ್ಸ್ ಬಂದಾಗ

ಆರು ತಿಂಗಳಿಂದ ಐದು ವರ್ಷದೊಳಗಿನ 100 ಮಕ್ಕಳಲ್ಲಿ 2ರಿಂದ 5 ಮಕ್ಕಳಿಗೆ ಜ್ವರದ ಜೊತೆ ಫಿಟ್ಸ್ ಬರುತ್ತದೆ. ಹಳಬರು ಬಾಲಗ್ರಹವೆಂದು ಕರೆದು ನಡುಗುತ್ತಿದ್ದದ್ದರಲ್ಲಿ ಇದೂ ಸೇರಿದೆ. ಕಣ್ಣು ಮೇಲೆ ಸಿಕ್ಕಿಕೊಂಡು, ಕೈಕಾಲು ಬಿಗಿದು, ಅದುರಿ, ತುಟಿ ನೀಲಿಯಾಗುವುದನ್ನು ಕಂಡ ಯಾವ ತಾಯಿಗೂ ಮಗು ಕೈತಪ್ಪಿಹೋಯಿತು ಎನಿಸುತ್ತದೆ. ಬಹುತೇಕ ಫಿಟ್ಸ್ ಐದು ನಿಮಿಷದೊಳಗೆ ತಾನೇ ನಿಲ್ಲುತ್ತದೆ, ಬುದ್ಧಿಗಾಗಲಿ ಬೆಳವಣಿಗೆಗಾಗಲಿ ಕುಂದು ತರುವುದಿಲ್ಲ. ಒಮ್ಮೆ ಬಂದ ಮಕ್ಕಳಲ್ಲಿ ಸುಮಾರು ಮೂರರಲ್ಲಿ ಒಂದಕ್ಕೆ ಮತ್ತೆ ಬರಬಹುದು.

ಆಗ ಮಾಡಬೇಕಾದ್ದು ಕೆಲವೇ. ನೆಲದ ಮೇಲೋ ಚಾಪೆಯ ಮೇಲೋ ಒಂದು ಮಗ್ಗುಲಿಗೆ ಮಲಗಿಸಿ, ಜೊಲ್ಲು, ವಾಂತಿ ಹೊರಗೆ ಹರಿಯಲಿ. ಕುತ್ತಿಗೆಯ ಸುತ್ತಲಿನ ದಾರ, ಗುಂಡಿ ಸಡಿಲಿಸಿ. ಗಡಿಯಾರ ನೋಡಿಕೊಳ್ಳಿ. ಕೈಗೆ ಕಬ್ಬಿಣದ ಬೀಗದ ಕೈ ಕೊಡುವುದು, ಈರುಳ್ಳಿ, ಚಪ್ಪಲಿ ಮೂಸಿಸುವುದು, ಹಲ್ಲಿನ ನಡುವೆ ಚಮಚ ತುರುಕುವುದು, ಬಾಯಿಗೆ ನೀರು ಬಿಡುವುದು, ಇವುಗಳಿಂದ ಹಲ್ಲು ಮುರಿಯಬಹುದು, ಉಸಿರು ಕಟ್ಟಬಹುದು, ಫಿಟ್ಸ್ ನಿಲ್ಲುವುದಿಲ್ಲ. ಆ ಹೊತ್ತಿನಲ್ಲಿ ಬಾಯಿಗೆ ಔಷಧಿಯನ್ನೂ ಹಾಕಬಾರದು. ಐದು ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಿ, ಅಥವಾ ಸಿಕ್ಕಿದ ಗಾಡಿಯಲ್ಲಿ ಹತ್ತಿರದ ಆಸ್ಪತ್ರೆಗೆ ಹೊರಡಿ. ನಿಂತುಹೋದರೂ ಮೊದಲ ಸಲ ಬಂದಿದ್ದರೆ ಅದೇ ದಿನ ತೋರಿಸಲೇಬೇಕು, ಏಕೆಂದರೆ ಮೆನಿಂಜೈಟಿಸ್ ಇಲ್ಲವೆಂದು ಡಾಕ್ಟರೇ ಖಚಿತಪಡಿಸಬೇಕು. ಪದೇ ಪದೇ ಬರುವ ಮಕ್ಕಳಿಗೆ ಮೂಗಿಗೆ ಬಿಡುವ ಮಿಡಜೋಲಾಮ್ ಸ್ಪ್ರೇ ಮನೆಯಲ್ಲಿಡಲು ಡಾಕ್ಟರು ಬರೆದುಕೊಡುತ್ತಾರೆ. ಪ್ಯಾರಾಸಿಟಮಾಲ್ ಹೊತ್ತು ಹೊತ್ತಿಗೆ ಕೊಟ್ಟರೆ ಫಿಟ್ಸ್ ಬರುವುದಿಲ್ಲ ಎನ್ನುವುದಕ್ಕೆ ಆಧಾರವಿಲ್ಲ. ಕೊಟ್ಟೂ ಬಂದರೆ ಮನೆಯವರು ತಮ್ಮನ್ನು ತಾವು ಹಳಿದುಕೊಳ್ಳಬೇಕಿಲ್ಲ.

ಮಳೆಗಾಲದ ಜ್ವರ: ಇಳಿದಾಗಲೇ ಎಚ್ಚರ

ಕರ್ನಾಟಕದಲ್ಲಿ ಜೂನ್‌ನಿಂದ ಅಕ್ಟೋಬರ್-ನವೆಂಬರ್‌ವರೆಗೆ ಬರುವ ಯಾವ ಜ್ವರವಾದರೂ ಡೆಂಗಿ ಇರಬಹುದೆಂಬ ಯೋಚನೆ ತಲೆಯಲ್ಲಿರಲಿ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದೇ ಘೋಷಿಸಿತು. ಹಗಲು ಕಚ್ಚುವ ಈಡಿಸ್ ಸೊಳ್ಳೆಯಿಂದ ಬರುವ ಇದು ಥಟ್ಟನೆ 102, 103ಕ್ಕೆ ಏರುತ್ತದೆ. ತಲೆನೋವು, ಕಣ್ಣಿನ ಹಿಂದೆ ನೋವು ಎಂದು ದೊಡ್ಡವರು ಹೇಳುತ್ತಾರೆ. ಎರಡು ವರ್ಷದ ಮಗು ಹೇಳಲಾರದು. ಮುಖ ಕೆಂಪೇರಿ, ವಾಂತಿ ಮಾಡಿ, ಎತ್ತಿದರೂ ಅಳುತ್ತದೆ, ಇಳಿಸಿದರೂ ಅಳುತ್ತದೆ.

ಬೇರೆ ಜ್ವರಗಳಲ್ಲಿ ಮೈ ತಣ್ಣಗಾದರೆ ಗೆದ್ದಂತೆ. ಡೆಂಗಿಯಲ್ಲಿ ಅಪಾಯದ ಗಳಿಗೆ ಶುರುವಾಗುವುದೇ ಆಗ. ಮೂರರಿಂದ ಏಳನೆಯ ದಿನದ ನಡುವೆ ಜ್ವರ ಇಳಿಯುವ ಹೊತ್ತಿಗೆ ಸೂಕ್ಷ್ಮ ರಕ್ತನಾಳಗಳಿಂದ ದ್ರವ ಸೋರತೊಡಗುತ್ತದೆ. ಕೆಲವು ಮಕ್ಕಳಲ್ಲಿ ಅದು ರಕ್ತದೊತ್ತಡ ಕುಸಿಯುವ ಮಟ್ಟ ಮುಟ್ಟುತ್ತದೆ. ‘ಜ್ವರ ಬಿಟ್ಟಿತು, ಸುಸ್ತಾಗಿ ಮಲಗಿದೆ’ ಎಂದು ಮನೆಯವರು ನಿಟ್ಟುಸಿರು ಬಿಟ್ಟ ಹೊತ್ತಿನಲ್ಲಿ ಮಗುವಿನ ಕೈಕಾಲು ತಣ್ಣಗಾಗಿ ಜಿಗುಟಾಗಿರುತ್ತದೆ, ಮೂತ್ರ ನಿಂತಿರುತ್ತದೆ. ಆದ್ದರಿಂದ ಜ್ವರ ಬಿಟ್ಟ ಮೇಲೂ ಎರಡು ದಿನ ಮಗುವಿನ ಮೇಲೆ ಕಣ್ಣಿರಬೇಕು. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂಗು ಅಥವಾ ಒಸಡಿನಲ್ಲಿ ರಕ್ತ, ಟಾರಿನಂತೆ ಕಪ್ಪಾದ ಮಲ, ತೂಗಿಬೀಳುವಂಥ ಮಂಪರು, ಸಮಾಧಾನವಾಗದ ಚಡಪಡಿಕೆ ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆ.

ಎನ್‌ಎಸ್1 ಎಂಬ ಡೆಂಗಿಯ ರಕ್ತ ಪರೀಕ್ಷೆ ಮೊದಲ ನಾಲ್ಕೈದು ದಿನಗಳಲ್ಲಿ ಕೆಲಸಕ್ಕೆ ಬರುತ್ತದೆ. ಅದು ನೆಗೆಟಿವ್ ಬಂದರೆ ಡೆಂಗಿ ಇಲ್ಲವೇ ಇಲ್ಲ ಎಂದು ಹೇಳಲಾಗದು. ಪ್ಲೇಟ್‌ಲೆಟ್ ಎಣಿಕೆಯೊಂದನ್ನೇ ಹಿಡಿದು ಕೂರುವುದು ಈಗಿನ ದೊಡ್ಡ ಗೊಂದಲ. ರಕ್ತ ಎಷ್ಟು ಗಟ್ಟಿಯಾಗಿದೆ, ನಾಡಿ, ರಕ್ತದೊತ್ತಡ, ಮೂತ್ರ ಹೇಗಿದೆ ಎನ್ನುವುದು ಅದಕ್ಕಿಂತ ಮುಖ್ಯ. ಪಪ್ಪಾಯಿ ಎಲೆಯ ಕಹಿ ರಸ ಕುಡಿಸಿ ಮಗುವಿಗೆ ವಾಂತಿ ಮಾಡಿಸಿದರೆ ಉಳಿದಿದ್ದ ನೀರೂ ಹೋಗುತ್ತದೆ.

ಮಲೆನಾಡಿನವರಿಗೆ ಇನ್ನೊಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಡಿಸೆಂಬರ್‌ನಿಂದ ಮೇವರೆಗೆ ಉಣ್ಣೆಗಳಿಂದ ಹರಡುತ್ತದೆ. ಮನೆಯವರು ಕಾಡಿಗೆ ಹೋಗಿಬಂದದ್ದು, ಕೊಟ್ಟಿಗೆಗೆ ತರಗೆಲೆ ತಂದದ್ದು, ಹತ್ತಿರದಲ್ಲಿ ಮಂಗ ಸತ್ತದ್ದು ಇದ್ದರೆ ಡಾಕ್ಟರಿಗೆ ತಪ್ಪದೆ ಹೇಳಿ.

ತಡಮಾಡದೆ ಹೊರಡಬೇಕಾದಾಗ

ಮೊದಲು ಉಸಿರು. ಮಗು ಅಳದೆ ಸುಮ್ಮನಿರುವಾಗ ಅಂಗಿ ಎತ್ತಿ ಹೊಟ್ಟೆ-ಎದೆಯ ಏರಿಳಿತವನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಒಂದರಿಂದ ಐದು ವರ್ಷದ ಮಕ್ಕಳಲ್ಲಿ ನಿಮಿಷಕ್ಕೆ 40 ಅಥವಾ ಅದಕ್ಕಿಂತ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗಿನವರಲ್ಲಿ 50 ಅಥವಾ ಹೆಚ್ಚು ಇದ್ದರೆ ಅದನ್ನು ವಿಶ್ವ ಆರೋಗ್ಯ ಸಂಸ್ಥೆ ವೇಗದ ಉಸಿರೆಂದು ಪರಿಗಣಿಸುತ್ತದೆ. ಜ್ವರ ಏರಿದಾಗ ಉಸಿರೂ ತುಸು ಏರುತ್ತದೆ, ಇಳಿದ ಮೇಲೆ ಮತ್ತೊಮ್ಮೆ ಎಣಿಸಿ. ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ಮೂಗಿನ ಹೊಳ್ಳೆ ಅರಳುತ್ತಿದ್ದರೆ, ನರಳುವ ಸದ್ದು ಬರುತ್ತಿದ್ದರೆ ಎಣಿಸುತ್ತಾ ಕೂರುವುದೂ ಬೇಡ.

ಎಬ್ಬಿಸಿದರೆ ಏಳದಿರುವುದು, ಏನೂ ಕುಡಿಯದಿರುವುದು, ಕುಡಿದದ್ದೆಲ್ಲ ವಾಂತಿಯಾಗುವುದು, ಎಂಟು ಗಂಟೆ ಮೂತ್ರವಿಲ್ಲದಿರುವುದು, ಬಾಯಿ ಒಣಗಿ ಕಣ್ಣು ಗುಳಿಬೀಳುವುದು, ಕುತ್ತಿಗೆ ಬಗ್ಗಿಸಲಾಗದಿರುವುದು, ನೆತ್ತಿ ಇನ್ನೂ ಮುಚ್ಚದ ಮಗುವಿಗೆ ಅದು ಉಬ್ಬಿಕೊಳ್ಳುವುದು ಇವೆಲ್ಲ ರಾತ್ರಿಯೇ ಆಗಲಿ ಹೊರಡಬೇಕಾದ ಲಕ್ಷಣಗಳು. ಮೈಮೇಲೆ ಕೆಂಪು ಅಥವಾ ನೇರಳೆ ಚುಕ್ಕೆಗಳಿದ್ದರೆ ಗಾಜಿನ ಲೋಟದ ಬದಿಯಿಂದ ಒತ್ತಿ ನೋಡಿ. ಒತ್ತಿದಾಗ ಮಾಯವಾಗದಿದ್ದರೆ ಅದು ಚರ್ಮದಡಿಯ ರಕ್ತಸ್ರಾವ, ನಿಮಿಷವೂ ತಡಮಾಡಬಾರದು. ಅದಕ್ಕೆ ಹೋಲಿಸಿದರೆ, ಮೂರು ನಾಲ್ಕು ದಿನ ಜೋರು ಜ್ವರವಿದ್ದು ಬಿಟ್ಟ ಮೇಲೆ ಮೈಮೇಲೆ ಗುಲಾಬಿ ಗುಲ್ಲೆ ಎದ್ದು, ಮಗು ಆಡಿಕೊಂಡಿದ್ದರೆ ಅದು ಹೆಚ್ಚಾಗಿ ರೋಸಿಯೋಲಾ ಎಂಬ ನಿರುಪದ್ರವಿ ವೈರಸ್ ಜ್ವರ. ಆದರೂ ಒಮ್ಮೆ ತೋರಿಸುವುದು ಒಳ್ಳೆಯದು.

ಅಷ್ಟು ಅವಸರವಿಲ್ಲದಿದ್ದರೂ ಅದೇ ದಿನ ಅಥವಾ ಮರುದಿನ ತೋರಿಸಬೇಕಾದವೂ ಇವೆ: ಮೂರು ದಿನ ಕಳೆದರೂ ಬಿಡದ ಜ್ವರ, ಬಿಟ್ಟು ಒಂದು ದಿನವಾದ ಮೇಲೆ ಮತ್ತೆ ಬಂದ ಜ್ವರ, 104 ಮುಟ್ಟಿದ ಜ್ವರ, ಕಿವಿ ಎಳೆದುಕೊಂಡು ಅಳುವುದು, ಮೂತ್ರ ಮಾಡುವಾಗ ಅಳುವುದು, ಕುಂಟುವುದು. ಮೂರರಿಂದ ಆರು ತಿಂಗಳ ಕೂಸಿಗೆ 102 ದಾಟಿದರೆ ಅಂದೇ ತೋರಿಸಿ. ಐದು ದಿನವಾದರೂ ಬಿಡದ ಜ್ವರದ ಜೊತೆ ಕಣ್ಣು ಕೆಂಪಾಗಿ ತುಟಿ ಒಡೆದಿದ್ದರೆ ಕವಾಸಾಕಿ ಕಾಯಿಲೆ ಇರಬಹುದು. ಅದನ್ನು ಹತ್ತು ದಿನದೊಳಗೆ ಹಿಡಿದರೆ ಹೃದಯದ ರಕ್ತನಾಳಗಳನ್ನು ಕಾಪಾಡಬಹುದು. ಹುಟ್ಟಿನಿಂದ ಹೃದಯದ ತೊಂದರೆ, ಸಿಕಲ್ ಸೆಲ್, ಕಿಮೋಥೆರಪಿ, ತೀವ್ರ ಅಪೌಷ್ಟಿಕತೆ ಇರುವ ಮಕ್ಕಳಿಗೆ ಈ ಯಾವ ಗಡುವೂ ಅನ್ವಯಿಸದು, ಜ್ವರ ಬಂದ ದಿನವೇ ಆಸ್ಪತ್ರೆ.

ಹೋಗುವಾಗ ಕೊಂಡೊಯ್ಯಬೇಕಾದ್ದು

ಜ್ವರ ಶುರುವಾದ ದಿನ ಮತ್ತು ಹೊತ್ತು, ಅಳೆದ ಅಂಕಿಗಳು, ಕೊಟ್ಟ ಔಷಧಿಯ ಬಾಟಲಿಗಳು, ಕೊನೆಯ ಡೋಸ್ ಕೊಟ್ಟ ಗಂಟೆ, ಕೊನೆಯ ಸಲ ಮೂತ್ರ ಮಾಡಿದ್ದು, ತಾಯಿ ಕಾರ್ಡ್. ಡೆಂಗಿಯಂಥ ಜ್ವರದಲ್ಲಿ ಇಂದು ಎಷ್ಟನೆಯ ದಿನ ಎನ್ನುವುದರ ಮೇಲೆ ಯಾವ ಪರೀಕ್ಷೆ ಎಂಬುದು ನಿಂತಿರುತ್ತದೆ. ಮನೆಯಲ್ಲಿ ಕಷಾಯ ಕೊಟ್ಟಿದ್ದರೆ, ನಡುವೆ ಬೇರೆ ಡಾಕ್ಟರಿಗೆ ತೋರಿಸಿದ್ದರೆ ಮುಚ್ಚಿಡಬೇಡಿ. ಫಿಟ್ಸ್ ಬಂದಿದ್ದರೆ ಮನೆಯಲ್ಲಿ ಇನ್ನೊಬ್ಬರು ಮೊಬೈಲ್‌ನಲ್ಲಿ ತೆಗೆದ ಅರ್ಧ ನಿಮಿಷದ ವಿಡಿಯೋ ಡಾಕ್ಟರಿಗೆ ಬಹಳ ಉಪಯೋಗ.

ಹಗಲಾದರೆ ಪ್ರಾಥಮಿಕ ಆರೋಗ್ಯ ಕೇಂದ್ರ, ನಗರಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’ ಮೊದಲ ಮೆಟ್ಟಿಲು. ರಾತ್ರಿ ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು, ನಿಲ್ಲದ ಫಿಟ್ಸ್ ಇದ್ದಾಗ ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಗಂಟೆಗಟ್ಟಲೆ ಪ್ರಯಾಣ ಮಾಡಬೇಡಿ. ಹತ್ತಿರದ ಆಸ್ಪತ್ರೆಯಲ್ಲಿ ಆಮ್ಲಜನಕ, ಮೊದಲ ಔಷಧಿ ಸಿಕ್ಕ ಮೇಲೆ 108 ಆಂಬುಲೆನ್ಸ್‌ನಲ್ಲಿ ಮುಂದಕ್ಕೆ ಕಳಿಸಲಿ. ಹೊರಡುವ ಮೊದಲು ಒಂದು ಡೋಸ್ ಪ್ಯಾರಾಸಿಟಮಾಲ್ ಕೊಡುವ ಹೊತ್ತಾಗಿದ್ದು ಮಗು ನುಂಗುವಂತಿದ್ದರೆ ಕೊಟ್ಟೇ ಹೊರಡಿ. ‘ಡಾಕ್ಟರು ಜ್ವರ ನೋಡಲಿ’ ಎಂದು ಮಗುವನ್ನು ಹಾಗೆಯೇ ಕಾಯಿಸಿ ಕರೆತರುವ ಅಗತ್ಯವಿಲ್ಲ, ನೀವು ಬರೆದಿಟ್ಟ ಅಂಕಿ ಅವರಿಗೆ ಸಾಕು.